ಕೈಗುಣದ ಪಾಠಶಾಲೆ

ಪೀಣ್ಯದ ಸಣ್ಣ ಕೈಗಾರಿಕೆಗಳಲ್ಲಿ ರಾತ್ರಿ ಪಾಳಿಯೆಂಬುದು ಹೊಸ ಮಾತಲ್ಲ. ಪವರ್ ಪ್ರೆಸ್ಸಿನ ಕೆಳಗೆ ತಗಡಿನ ಹಾಳೆಯನ್ನು ಒಡ್ಡುವುದು, ಪೆಡಲು ತುಳಿಯುವುದು, ಅಚ್ಚಾದ ಬಿಲ್ಲೆಯನ್ನು ತೆಗೆಯುವುದು: ಇದು ಗಂಟೆಗೆ ನೂರಾರು ಬಾರಿ ನಡೆಯುವ ಕೆಲಸ. ಕಣ್ಣು ತೂಗಿದ ಒಂದು ಕ್ಷಣದಲ್ಲಿ ಹಾಳೆಯ ಜೊತೆಗೆ ಬೆರಳೂ ಸಿಕ್ಕಿಕೊಳ್ಳುತ್ತದೆ. ಗಾಯಕ್ಕೆ ಬಟ್ಟೆ ಸುತ್ತಿ, ಸಹೋದ್ಯೋಗಿಗಳು ಕಾರ್ಮಿಕನನ್ನು ಆಟೋದಲ್ಲಿ ಕೂರಿಸಿ ಇ.ಎಸ್.ಐ. ಆಸ್ಪತ್ರೆಗೋ ಹತ್ತಿರದ ವೈದ್ಯಕೀಯ ಕಾಲೇಜಿಗೋ ಕರೆತರುತ್ತಾರೆ. ನಡುರಾತ್ರಿ ಕ್ಯಾಷುಯಲ್ಟಿಯ ಬಾಗಿಲಲ್ಲಿ ಅವನನ್ನು ಎದುರುಗೊಳ್ಳುವವರು ಹೆಸರಾಂತ ಪ್ರಾಧ್ಯಾಪಕರಲ್ಲ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ, ಎಂ.ಬಿ.ಬಿ.ಎಸ್. ಮುಗಿಸಿ ತಜ್ಞರಾಗಲು ಹೊರಟಿರುವ, ಆಸ್ಪತ್ರೆಯವರೆಲ್ಲ 'ಪಿ.ಜಿ.' ಎಂದು ಕರೆಯುವ ರೆಸಿಡೆಂಟ್ ವೈದ್ಯರು.

ಆ ಮೊದಲ ಹತ್ತು ನಿಮಿಷಗಳಲ್ಲಿ ಅವರು ಏನು ಮಾಡುತ್ತಾರೆ ಎಂಬುದರ ಮೇಲೆ ಆ ಕೈ ಮತ್ತೆ ದುಡಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಅನುಭವವಿಲ್ಲದವರು ನೋವು ನೋಡಲಾರದೆ ಮೊದಲು ಮರವಳಿಕೆಯ ಚುಚ್ಚುಮದ್ದು ಕೊಟ್ಟುಬಿಡುತ್ತಾರೆ. ಅನುಭವಿಗಳು ಅದಕ್ಕೆ ಮುಂಚೆ ಬೆರಳ ತುದಿಯನ್ನು ಮುಟ್ಟಿ 'ಗೊತ್ತಾಗುತ್ತಾ?' ಎಂದು ಕೇಳುತ್ತಾರೆ. ಮದ್ದು ಕೊಟ್ಟ ಮೇಲೆ ನರ ತುಂಡಾಗಿದೆಯೇ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಬೆರಳು ಮಡಚಲು ಬಂದರೆ ಸಾಲದು. ಸ್ನಾಯುರಜ್ಜು ಮುಕ್ಕಾಲು ಪಾಲು ಕತ್ತರಿಸಿದ್ದರೂ ಬೆರಳು ಆಡಬಹುದು, ವಾರ ಕಳೆದ ಮೇಲೆ ಹರಿಯಬಹುದು. ತುಂಡಾದ ಬೆರಳನ್ನು ಯಾರಾದರೂ ಮಂಜುಗಡ್ಡೆಯಲ್ಲಿ ನೇರವಾಗಿ ಹುದುಗಿಸಿ ತಂದಿದ್ದರೆ ಅದೂ ಕೆಟ್ಟಂತೆಯೇ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಬೇಕು.

ಇವೆಲ್ಲ ಪುಸ್ತಕದಲ್ಲಿವೆ. ಆದರೆ ಪುಸ್ತಕದಲ್ಲಿರುವುದು ಕೈಗೆ ಬರುವುದು ಬೇರೆಯೇ ಸಂಗತಿ. ನಮ್ಮ ಜನ ಇದಕ್ಕೆ 'ಕೈಗುಣ' ಎಂದು ಹೆಸರಿಟ್ಟಿದ್ದಾರೆ. ಅದು ಹುಟ್ಟಿನಿಂದ ಬಂದದ್ದು, ದೇವರು ಕೊಟ್ಟದ್ದು ಎಂಬ ನಂಬಿಕೆಯೂ ಉಂಟು. ವೈದ್ಯ ಶಿಕ್ಷಣದ ಕಳೆದ 130 ವರ್ಷಗಳ ಇತಿಹಾಸ ಹೇಳುವುದು ಬೇರೆಯದನ್ನು. ಕೈಗುಣ ಬಹುಪಾಲು ತಯಾರಾಗುತ್ತದೆ. ಅದನ್ನು ತಯಾರಿಸುವ ಸ್ಥಳವೇ ರೆಸಿಡೆನ್ಸಿ.

ಆಸ್ಪತ್ರೆಯೇ ಮನೆ

'ರೆಸಿಡೆಂಟ್' ಎಂದರೆ ವಾಸಿಸುವವನು. ಈ ಹೆಸರು ಅಲಂಕಾರಕ್ಕೆ ಬಂದದ್ದಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವೈದ್ಯ ವಿಭಾಗಕ್ಕೆ ವಿಲಿಯಂ ಆಸ್ಲರ್, ಶಸ್ತ್ರಚಿಕಿತ್ಸೆಗೆ ವಿಲಿಯಂ ಹಾಲ್‌ಸ್ಟೆಡ್ ಮುಖ್ಯಸ್ಥರಾದರು. ಅವರ ಕೈಕೆಳಗಿನ ತರುಣ ವೈದ್ಯರು ಅಕ್ಷರಶಃ ಆಸ್ಪತ್ರೆಯಲ್ಲೇ ವಾಸವಿದ್ದರು. ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ಹೊರಗೆಳೆದು ರೋಗಿಯ ಮಂಚದ ಪಕ್ಕ ನಿಲ್ಲಿಸಿದರು. ಹಾಲ್‌ಸ್ಟೆಡ್ ಜರ್ಮನಿಯ ಪದ್ಧತಿಯನ್ನು ನೋಡಿಬಂದಿದ್ದರು. ವರ್ಷ ವರ್ಷಕ್ಕೆ ಜವಾಬ್ದಾರಿಯನ್ನು ಏರಿಸುತ್ತ ಹೋಗುವ ಕ್ರಮವನ್ನು ಅವರು ಜಾರಿಗೆ ತಂದರು. 1904ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯನ ತರಬೇತಿಯನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ ಅದನ್ನು ವಿವರಿಸಿದರು.

ಹಾಲ್‌ಸ್ಟೆಡ್ ವ್ಯವಸ್ಥೆ ಗೋಪುರದಂತಿತ್ತು. ಬುಡದಲ್ಲಿ ಹಲವರು, ತುದಿಯಲ್ಲಿ ಒಬ್ಬ. ತುದಿ ಮುಟ್ಟಲು ಎಂಟು ವರ್ಷ ಹಿಡಿಯುವುದು ಸಾಮಾನ್ಯವಾಗಿತ್ತು. ರೆಸಿಡೆಂಟರು ಮದುವೆಯಾಗುವುದನ್ನು ಯಾರೂ ಮೆಚ್ಚುತ್ತಿರಲಿಲ್ಲ. ಹಗಲು ರಾತ್ರಿ ಎಂಬ ಭೇದವಿರಲಿಲ್ಲ. ಒಂದು ವಿಷಾದದ ಸಂಗತಿಯೂ ಇದಕ್ಕೆ ಅಂಟಿಕೊಂಡಿದೆ. ಕೊಕೇನನ್ನು ಮರವಳಿಕೆಯ ಔಷಧಿಯಾಗಿ ಬಳಸುವ ಪ್ರಯೋಗವನ್ನು 1884ರ ಸುಮಾರಿಗೆ ತಮ್ಮ ಮೇಲೆಯೇ ಮಾಡಿಕೊಂಡ ಹಾಲ್‌ಸ್ಟೆಡ್ ಅದರ ಚಟಕ್ಕೆ ಬಿದ್ದು, ಮುಂದೆ ಮಾರ್ಫೀನಿನ ದಾಸರಾದರು. ನಿದ್ದೆಗೆಟ್ಟು ದುಡಿಯುವುದೇ ವೈದ್ಯನ ಹೆಗ್ಗಳಿಕೆ ಎಂಬ ಆದರ್ಶವನ್ನು ಕಟ್ಟಿದವರ ಸ್ವಂತ ಬದುಕು ಹೀಗಿತ್ತು ಎಂಬುದು ಬಹಳ ಕಾಲ ಗುಟ್ಟಾಗಿಯೇ ಉಳಿದಿತ್ತು. ಆ ಆದರ್ಶ ಮಾತ್ರ ಲೋಕವನ್ನೆಲ್ಲ ಸುತ್ತಿ ನಮ್ಮಲ್ಲಿಗೂ ಬಂತು.

ಮೈಸೂರು ಸಂಸ್ಥಾನದಿಂದ ಇಲ್ಲಿಯವರೆಗೆ

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಉದ್ಘಾಟಿಸಿದಾಗ ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. 1917ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಮೆಡಿಕಲ್ ಸ್ಕೂಲ್ ಆರಂಭವಾಯಿತು. ಅಲ್ಲಿ ತಯಾರಾಗುತ್ತಿದ್ದವರು ಎಲ್.ಎಂ.ಪಿ. ವೈದ್ಯರು. ಹಳೆಯ ತಲೆಮಾರಿನವರಿಗೆ ಈ ಮೂರು ಅಕ್ಷರ ಇನ್ನೂ ನೆನಪಿರಬಹುದು. 1924ರಲ್ಲಿ ಶಾಲೆ ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಬೆಂಗಳೂರು ಮತ್ತೆ ತನ್ನದೇ ವೈದ್ಯಕೀಯ ಕಾಲೇಜನ್ನು ಕಂಡದ್ದು 1955ರಲ್ಲಿ.

ಅಷ್ಟರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತ್ತು. ತಜ್ಞರನ್ನು ತಯಾರಿಸಲು ವಿದೇಶಕ್ಕೆ ಕಳಿಸುತ್ತ ಕೂರಲಾಗದು, ಇಲ್ಲಿಯೇ ಉನ್ನತ ತರಬೇತಿ ಬೇಕು ಎಂಬ ಚಿಂತನೆ ಆಗ ಬಲಗೊಂಡಿತು. ಅದರ ಮೊದಲ ಫಲಗಳಲ್ಲೊಂದು ಬೆಂಗಳೂರಿಗೇ ಸಿಕ್ಕಿತು. ಇಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1955ರಲ್ಲಿ ಮನೋವೈದ್ಯರಿಗಾಗಿ ಡಿಪ್ಲೊಮಾ ತರಗತಿ ಆರಂಭವಾಯಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದವು. ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ, ದಾದಿ ಒಂದೇ ವಾರ್ಡಿನಲ್ಲಿ ಕಲಿಯುವ ಪದ್ಧತಿ ಅಲ್ಲಿ ಬೇರೂರಿತು.

ಸೀಟು ಪಡೆಯುವ ಕಥೆ ಕರ್ನಾಟಕದಲ್ಲಿ ಬೇರೊಂದು ತಿರುವು ಕಂಡಿತು. ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜು ದೇಶದ ಖಾಸಗಿ ವೈದ್ಯಶಿಕ್ಷಣಕ್ಕೆ ಮಾದರಿಯಾಯಿತು. ಅದರ ಹಿಂದೆ ಸಾಲು ಸಾಲಾಗಿ ಕಾಲೇಜುಗಳು ಬಂದವು; ಜೊತೆಗೆ ಕ್ಯಾಪಿಟೇಷನ್ ಶುಲ್ಕವೂ ಬಂತು. ರಾಜ್ಯ ಸರ್ಕಾರ 1984ರಲ್ಲಿ ಅದನ್ನು ನಿಷೇಧಿಸಿ ಕಾನೂನು ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಈ ಪದ್ಧತಿಯನ್ನೇ ಎದುರಿಗಿಟ್ಟುಕೊಂಡು ತೀರ್ಪು ನೀಡಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ, ಬೇರೆ ಬೇರೆ ವಿಶ್ವವಿದ್ಯಾಲಯಗಳಡಿ ಹಂಚಿಹೋಗಿದ್ದ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಈಗ ಪ್ರವೇಶಕ್ಕೆ ರಾಷ್ಟ್ರಮಟ್ಟದ ನೀಟ್ ಪರೀಕ್ಷೆಯಿದೆ. 2023ರಲ್ಲಿ ಸ್ನಾತಕೋತ್ತರ ನೀಟ್‌ನ ಅರ್ಹತಾ ಮಟ್ಟವನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು.

ಚರ್ಚೆ ನಡೆದದ್ದೆಲ್ಲ ಒಳಗೆ ಯಾರು ಬರಬೇಕು ಎಂಬ ಬಗ್ಗೆ. ಬಂದ ಮೇಲೆ ಏನಾಗುತ್ತದೆ ಎಂಬುದು ಅಷ್ಟೇ ಮುಖ್ಯ. ಅಮೆರಿಕದ ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯನ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು: ವಿಷಯ ತಿಳಿದಿರುವುದು, ಹೇಗೆ ಮಾಡಬೇಕೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ನಿಜವಾಗಿ ಮಾಡುವುದು. ಪ್ರವೇಶ ಪರೀಕ್ಷೆ ಅಳೆಯುವುದು ಕೆಳಗಿನ ಎರಡು ಮೆಟ್ಟಿಲುಗಳನ್ನು. ಪ್ರೆಸ್ಸಿಗೆ ಸಿಕ್ಕಿದ ಬೆರಳಿಗೆ ಬೇಕಾದದ್ದು ನಾಲ್ಕನೆಯದು.

ಊರ ಹೊರಗಿನ ಆಸ್ಪತ್ರೆಗಳು

ಬೆಂಗಳೂರಿನ ವೈದ್ಯ ತರಬೇತಿ ಬಹುಕಾಲ ಕೋಟೆಯ ಆಸುಪಾಸಿನಲ್ಲೇ ಇತ್ತು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಮೂರೂ ಕೂಗಳತೆಯ ದೂರದಲ್ಲಿವೆ. ನಗರ ಹೊರಕ್ಕೆ ಹರಡಿದಂತೆ ರೋಗಿಗಳೂ ಹೊರಕ್ಕೆ ಹೋದರು. 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. ಆಂಗ್ಲೋ ಇಂಡಿಯನ್ ಕುಟುಂಬಗಳ ವಸಾಹತಾಗಿ 1882ರಲ್ಲಿ ಹುಟ್ಟಿದ ವೈಟ್‌ಫೀಲ್ಡ್, 1990ರ ದಶಕದ ಟೆಕ್ ಪಾರ್ಕಿನ ನಂತರ ಗುರುತು ಸಿಗದಷ್ಟು ಬದಲಾಯಿತು.

ಈ ಅಂಚಿನಲ್ಲಿ ಮೂರು ಬಗೆಯ ಆಸ್ಪತ್ರೆಗಳು ಎದ್ದವು. ವೈಟ್‌ಫೀಲ್ಡಿನಲ್ಲಿ ಶ್ರೀ ಸತ್ಯ ಸಾಯಿ ಉನ್ನತ ವೈದ್ಯ ವಿಜ್ಞಾನಗಳ ಸಂಸ್ಥೆಯನ್ನು 2001ರ ಜನವರಿ 19ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದರು. ಹೃದಯ ಮತ್ತು ನರಮಂಡಲದ ಕಾಯಿಲೆಗಳಿಗೆ ಅಲ್ಲಿ ಶುಲ್ಕವಿಲ್ಲದ ಚಿಕಿತ್ಸೆ. ಅದೇ ಕಾಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯ ಆರಂಭವಾಯಿತು. ಎರಡನೆಯ ಬಗೆ, ವೈಟ್‌ಫೀಲ್ಡಿನ ವೈದೇಹಿಯಂತಹ ಖಾಸಗಿ ವೈದ್ಯಕೀಯ ಕಾಲೇಜುಗಳದು. ಮೂರನೆಯದು ಕಾರ್ಮಿಕ ವಿಮೆಯ ಆಸ್ಪತ್ರೆಗಳದು. 1948ರ ಇ.ಎಸ್.ಐ. ಕಾಯಿದೆಯಿಂದ ಹುಟ್ಟಿದ ವ್ಯವಸ್ಥೆಯಿದು. ಪೀಣ್ಯದಲ್ಲಿ ಅದರದ್ದೊಂದು ಆಸ್ಪತ್ರೆಯಿದೆ. ರಾಜಾಜಿನಗರದ ದೊಡ್ಡ ಆಸ್ಪತ್ರೆ ಸ್ನಾತಕೋತ್ತರ ಸಂಸ್ಥೆಯಾಗಿ, 2012ರಲ್ಲಿ ಎಂ.ಬಿ.ಬಿ.ಎಸ್. ತರಗತಿಯನ್ನೂ ತೆರೆಯಿತು.

ವೈದ್ಯಕೀಯ ಕಾಲೇಜಲ್ಲದ ಆಸ್ಪತ್ರೆ ತಜ್ಞರನ್ನು ತಯಾರಿಸುವುದು ಹೇಗೆ? ಇದಕ್ಕೆ ದಾರಿ ಮಾಡಿದ್ದು 1975ರಲ್ಲಿ ಹುಟ್ಟಿ, 1982ರಲ್ಲಿ ಸ್ವತಂತ್ರವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಅದು ನೀಡುವ ಪದವಿಯೇ ಡಿ.ಎನ್.ಬಿ. ಸಾಕಷ್ಟು ಹಾಸಿಗೆ, ರೋಗಿಗಳು, ಹಿರಿಯ ತಜ್ಞರು ಇದ್ದರೆ ಕಾಲೇಜಿನ ಕಟ್ಟಡವಿಲ್ಲದ ಆಸ್ಪತ್ರೆಯೂ ತರಬೇತಿ ಕೊಡಬಹುದು. ಅಂತಿಮ ಪರೀಕ್ಷೆಯನ್ನು ಮಾತ್ರ ಮಂಡಳಿಯೇ ನಡೆಸುತ್ತದೆ. ಡಿ.ಎನ್.ಬಿ. ಪದವಿ ಎಂ.ಡಿ.ಗೆ ಸಮವೇ ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ತಕರಾರಿನ ಒಳಗಿದ್ದ ಪ್ರಶ್ನೆ ಮಾತ್ರ ಯೋಗ್ಯವಾದದ್ದೇ: ಒಳ್ಳೆಯ ತಜ್ಞನನ್ನು ರೂಪಿಸುವುದು ಯಾವುದು? ಕೈಗೆ ಸಿಗುವ ರೋಗಿಗಳ ಸಂಖ್ಯೆಯೋ, ಕಲಿಸುವ ಗುರುವೋ?

ಸಂಖ್ಯೆ ಮತ್ತು ಸರದಿ

ಸಂಖ್ಯೆಗೆ ಬೆಲೆಯಿದೆ ಎಂಬುದರಲ್ಲಿ ಅನುಮಾನವಿಲ್ಲ. ಹೆಚ್ಚು ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂದು ಹೆರಾಲ್ಡ್ ಲಫ್ಟ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿಕೊಟ್ಟರು. ಬೊಮ್ಮಸಂದ್ರದ ಹೃದಯ ಆಸ್ಪತ್ರೆಯಲ್ಲಿ 2008ರ ಒಂದೇ ವರ್ಷ 3,174 ಬೈಪಾಸ್ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಅಮೆರಿಕದ ಹೆಸರಾಂತ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಆ ವರ್ಷ ನಡೆದದ್ದು 1,367. ಅಂತಹ ಕಡೆ ಮೂರು ವರ್ಷ ಕಳೆದವರು ನೋಡುವ ಹೃದಯಗಳನ್ನು ಬೇರೆ ಕಡೆಯವರು ಇಡೀ ವೃತ್ತಿಜೀವನದಲ್ಲಿ ನೋಡದಿರಬಹುದು.

ಆದರೆ ನೋಡುವುದು ಬೇರೆ, ಮಾಡುವುದು ಬೇರೆ. ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕ ಗಾಯದ ಅಂಚನ್ನು ಕೊಕ್ಕೆಯಿಂದ ಹಿಡಿದು ನಾಲ್ಕು ಗಂಟೆ ನಿಂತವರಿಗೆ ಕಾಲು ನೋಯುತ್ತದೆ, ಕೈ ಪಳಗುವುದಿಲ್ಲ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ 1993ರಲ್ಲಿ ಪಿಟೀಲು ವಾದಕರನ್ನು ಅಧ್ಯಯನ ಮಾಡಿ ಹೇಳಿದ್ದು ಇದನ್ನೇ. ಬರಿಯ ಪುನರಾವರ್ತನೆಯಿಂದ ಪರಿಣತಿ ಬಾರದು. ತಪ್ಪನ್ನು ಆಗಿಂದಾಗ್ಗೆ ತೋರಿಸುವವರು ಇರಬೇಕು, ಆ ತಪ್ಪನ್ನೇ ಗುರಿಯಾಗಿಟ್ಟು ಅಭ್ಯಾಸ ಮಾಡಬೇಕು. ನಮ್ಮ ಸಂಗೀತದ ಮೇಷ್ಟರು ಸರಳೆ ವರಸೆಯನ್ನು ಹೇಳಿಕೊಡುವ ಕ್ರಮವೂ ಇದೇ ಅಲ್ಲವೆ? ಶಿಷ್ಯ ಹಾಡುವಾಗ ಮೇಷ್ಟರು ಕೇಳಿಸಿಕೊಳ್ಳಬೇಕು.

ಯಾವ ರೋಗಿಗಳು ಸಿಗುತ್ತಾರೆ ಎಂಬುದೂ ಮುಖ್ಯ. ಉನ್ನತ ಆಸ್ಪತ್ರೆಗೆ ಬರುವುದು ಬೇರೆ ವೈದ್ಯರು ಜರಡಿ ಹಿಡಿದು ಕಳಿಸಿದ ರೋಗಿಗಳು. ಎದೆನೋವು ಎಂದು ಬಂದವನಿಗೆ ಇರುವುದು ಹೃದಯಾಘಾತವೋ, ಆಮ್ಲದ ಉರಿಯೋ, ಸಾಲದ ಚಿಂತೆಯೋ ಎಂದು ಬೇರ್ಪಡಿಸುವ ಪಾಠ ಅಲ್ಲಿ ಅಷ್ಟಾಗಿ ಸಿಗದು. ಅದು ಸಿಗುವುದು ಇ.ಎಸ್.ಐ. ಆಸ್ಪತ್ರೆಯ ಉದ್ದನೆಯ ಸಾಲಿನಲ್ಲಿ, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬೆನ್ನುನೋವು ಮತ್ತು ರಕ್ತಹೀನತೆ, ಉಜ್ಜು ಕಲ್ಲಿನ ಕಿಡಿ ಹಾರಿದ ಕಣ್ಣು, ರಾಸಾಯನಿಕ ತಗುಲಿದ ಚರ್ಮ, ಕಂಪ್ಯೂಟರ್ ಮುಂದೆ ಕುಳಿತವರ ಕುತ್ತಿಗೆ: ಈ ಪ್ರದೇಶ ತನ್ನದೇ ರೋಗಗಳ ಪಠ್ಯವನ್ನು ಬರೆದುಕೊಂಡಿದೆ. ಒಂದೇ ಬಗೆಯ ಆಸ್ಪತ್ರೆಯಲ್ಲಿ ಕಲಿತವರಿಗೆ ಅದರ ಒಂದು ಅಧ್ಯಾಯ ಮಾತ್ರ ಓದಲು ಸಿಗುತ್ತದೆ. ಈ ಕೊರತೆ ತುಂಬಲೆಂದೇ 2020ರಲ್ಲಿ ಜಿಲ್ಲಾ ರೆಸಿಡೆನ್ಸಿ ಯೋಜನೆ ಬಂತು. ಅದರಂತೆ ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕು.

ಪಕ್ಕದಲ್ಲಿ ನಿಲ್ಲುವವರು

'ಒಂದು ನೋಡು, ಒಂದು ಮಾಡು, ಒಂದು ಕಲಿಸು' ಎಂಬುದು ವೈದ್ಯಲೋಕದ ಹಳೆಯ ಗಾದೆ. ಇದರ ಬೆಲೆಯನ್ನು ತೆತ್ತವರು ಹೆಚ್ಚಾಗಿ ಜನರಲ್ ವಾರ್ಡಿನ ಬಡವರು. ಕಿರಿಯರಿಗೆ ತಮ್ಮ ಕೊರತೆ ತಮಗೇ ತಿಳಿಯುತ್ತದೆ, ಬೇಕಾದಾಗ ಹಿರಿಯರನ್ನು ಕರೆಯುತ್ತಾರೆ ಎಂಬ ವಿಶ್ವಾಸದ ಮೇಲೆ ಈ ಪದ್ಧತಿ ನಿಂತಿತ್ತು. ಆ ವಿಶ್ವಾಸವೇ ಸಡಿಲ. ವೈದ್ಯರ ಸ್ವಯಂ ಮೌಲ್ಯಮಾಪನವನ್ನೂ ಅವರ ನಿಜವಾದ ಸಾಮರ್ಥ್ಯವನ್ನೂ ಹೋಲಿಸಿದ ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20 ಹೋಲಿಕೆಗಳ ಪೈಕಿ 13ರಲ್ಲಿ ಎರಡಕ್ಕೂ ಸಂಬಂಧ ತೀರ ಕಡಿಮೆ, ಇಲ್ಲವೇ ಇಲ್ಲ, ಅಥವಾ ತಿರುಗುಮುರುಗಾಗಿತ್ತು. ತನಗೆ ಏನು ಗೊತ್ತಿಲ್ಲ ಎಂಬುದೂ ಗೊತ್ತಿಲ್ಲದ ಸ್ಥಿತಿ ಕಿರಿಯರಿಗೆ ಸಹಜ. ಅದನ್ನು ಕಾಣಬಲ್ಲವರು ಪಕ್ಕದಲ್ಲಿ ನಿಂತವರು ಮಾತ್ರ.

ತರಬೇತಿಯ ಗುಣ ಎಷ್ಟು ದೂರ ಬರುತ್ತದೆ? 2009ರಲ್ಲಿ ಅಮೆರಿಕದ ಡೇವಿಡ್ ಆಶ್ ಮತ್ತು ಸಂಗಡಿಗರು ಎರಡು ರಾಜ್ಯಗಳ 4,124 ಪ್ರಸೂತಿ ತಜ್ಞರನ್ನು ಅವರು ಕಲಿತ 107 ಕೇಂದ್ರಗಳ ಪ್ರಕಾರ ವಿಂಗಡಿಸಿದರು. ಕೆಳದರ್ಜೆಯ ಕೇಂದ್ರಗಳಲ್ಲಿ ಕಲಿತವರ ಬಳಿ ಹೆರಿಗೆಯಾದ ತಾಯಂದಿರಲ್ಲಿ ಗಂಭೀರ ತೊಡಕುಗಳು ಶೇ 13.6, ಮೇಲ್ದರ್ಜೆಯವರ ಬಳಿ ಶೇ 10.3. ಕಲಿತು ಹಲವು ವರ್ಷ ಕಳೆದ ಮೇಲೂ ಈ ಅಂತರ ಉಳಿದಿತ್ತು. ಮೂರು ವರ್ಷದ ಅಭ್ಯಾಸ ಮೂವತ್ತು ವರ್ಷದ ವೃತ್ತಿಗೆ ಅಚ್ಚು ಹಾಕುತ್ತದೆ ಎಂದಾಯಿತು.

ನಮ್ಮಲ್ಲಿ ಈ ಮೇಲ್ವಿಚಾರಣೆಗೆ ಬಳಕೆಯಲ್ಲಿರುವ ಸಾಧನ ಲಾಗ್ ಬುಕ್. ಯಾವ ದಿನ ಯಾವ ಶಸ್ತ್ರಚಿಕಿತ್ಸೆ, ನೋಡಿದ್ದೋ, ಸಹಾಯ ಮಾಡಿದ್ದೋ, ಸ್ವತಃ ಮಾಡಿದ್ದೋ ಎಂದು ಬರೆದು ಹಿರಿಯರ ರುಜು ಪಡೆಯಬೇಕು. ಉದ್ದೇಶ ಒಳ್ಳೆಯದು. ತಿಂಗಳ ಕೊನೆಗೆ ಒಟ್ಟಿಗೆ ರುಜು ಹಾಕಿಸಿಕೊಂಡರೆ ಮಾತ್ರ ಅದು ಹಾಜರಿ ಪುಸ್ತಕವಾಗಿಬಿಡುತ್ತದೆ. ಇದಕ್ಕಿಂತ ಗಟ್ಟಿಯಾದ ದಾರಿಗಳೂ ಬಂದಿವೆ. ಸ್ಕಾಟ್‌ಲ್ಯಾಂಡಿನ ರೊನಾಲ್ಡ್ ಹಾರ್ಡನ್ 1975ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ವಿದ್ಯಾರ್ಥಿ ಒಂದರ ಮೇಲೊಂದು ಕಟ್ಟೆಗೆ ಹೋಗಿ ಕೆಲಸ ಮಾಡಿ ತೋರಿಸಬೇಕು. 1990ರ ದಶಕದಲ್ಲಿ ಬಂದ ಇನ್ನೊಂದು ಕ್ರಮದಲ್ಲಿ ಹಿರಿಯ ವೈದ್ಯರು ಹದಿನೈದಿಪ್ಪತ್ತು ನಿಮಿಷ ಸುಮ್ಮನೆ ನಿಂತು, ಕಿರಿಯರು ನಿಜವಾದ ರೋಗಿಯನ್ನು ಪರೀಕ್ಷಿಸುವುದನ್ನು ನೋಡಿ, ಅಲ್ಲೇ ತಪ್ಪು ಒಪ್ಪು ಹೇಳುತ್ತಾರೆ. ಖರ್ಚಿಲ್ಲದ ವಿಧಾನ, ಬೇಕಾದದ್ದು ಹಿರಿಯರ ಸಮಯ. ಸಾವಿರ ರೋಗಿಗಳ ನಡುವೆ ಅದೇ ದುರ್ಲಭ.

ನಿದ್ದೆಯ ಲೆಕ್ಕ

1984ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರವೆಂದು ಸೇರಿದ 18 ವರ್ಷದ ಲಿಬಿ ಜಿಯಾನ್ ಎಂಬ ವಿದ್ಯಾರ್ಥಿನಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಅವಳನ್ನು ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ ತರುಣ ವೈದ್ಯರು. ಪತ್ರಕರ್ತರಾಗಿದ್ದ ಅವಳ ತಂದೆ ಹಟ ಹಿಡಿದು ಹೋರಾಡಿದರು. ಫಲವಾಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯ ರೆಸಿಡೆಂಟರ ದುಡಿಮೆಯನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. 2003ರಲ್ಲಿ ಅಮೆರಿಕಕ್ಕೆಲ್ಲ ಆ ಮಿತಿ ಬಂತು.

ಭಾರತದಲ್ಲಿ ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ ಇದಕ್ಕಿಂತ ಉದಾರವಾಗಿದೆ. ಕಿರಿಯ ರೆಸಿಡೆಂಟರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗೆ ಮೀರದಂತೆ ದುಡಿಯಬೇಕು ಎಂದು ಅದು ಹೇಳುತ್ತದೆ. ಕಾಗದದ ಮೇಲಿನ ಈ ಲೆಕ್ಕಕ್ಕೂ ವಾರ್ಡಿನ ಲೆಕ್ಕಕ್ಕೂ ತಾಳೆಯಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ನೀಡಿದ ವರದಿಗಾಗಿ 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಶ್ನೆಗಳಿಗೆ ಉತ್ತರಿಸಿದ್ದರು. ಸುಮಾರು ಶೇ 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತಿದ್ದರು. ಅರ್ಧಕ್ಕೂ ಹೆಚ್ಚು ಮಂದಿಗೆ ವಾರದ ರಜೆಯೂ ಇರಲಿಲ್ಲ. ವಾರಕ್ಕೆ 74 ಗಂಟೆಯ ಮಿತಿಯನ್ನು ಕಾರ್ಯಪಡೆ ಶಿಫಾರಸು ಮಾಡಿತು. ಅದೇ ವರ್ಷ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಕಾಲೇಜಿನಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ವಿಶ್ರಮಿಸುತ್ತಿದ್ದ ತರಬೇತಿ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ರೆಸಿಡೆಂಟರು ಮಲಗುವುದೆಲ್ಲಿ ಎಂಬ ಸಣ್ಣ ಪ್ರಶ್ನೆ ದೇಶದ ಪ್ರಶ್ನೆಯಾಯಿತು.

ನಿದ್ದೆಗೂ ಸಾಮರ್ಥ್ಯಕ್ಕೂ ಇರುವ ನಂಟು ಕೇವಲ ಕರುಣೆಯ ವಿಷಯವಲ್ಲ. 17 ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ತೋರಿಸಿದರು. ಬಾಸ್ಟನ್ನಿನ ತೀವ್ರ ನಿಗಾ ಘಟಕದಲ್ಲಿ 2004ರಲ್ಲಿ ನಡೆದ ಅಧ್ಯಯನದಲ್ಲಿ, ಹಳೆಯ ದೀರ್ಘ ಪಾಳಿಯವರು ಗಿಡ್ಡ ಪಾಳಿಯವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಹಾಗೆಂದು ಗಂಟೆ ಇಳಿಸಿದೊಡನೆ ಎಲ್ಲವೂ ಸರಿಹೋಗುವುದಿಲ್ಲ. 2016ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ವಾರದ 80 ಗಂಟೆಯ ಮಿತಿಯೊಳಗೆ ಪಾಳಿಯ ಉದ್ದವನ್ನು ಸಡಿಲಿಸಿದರೂ ರೋಗಿಗಳಿಗೆ ಹೆಚ್ಚಿನ ಹಾನಿ ಕಾಣಲಿಲ್ಲ. ಪಾಳಿ ಗಿಡ್ಡವಾದಷ್ಟೂ ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೆಚ್ಚು ಸಲ ದಾಟುತ್ತಾನೆ. ದಾಟುವಾಗ ಮಾತು ಉದುರಿಹೋಗುತ್ತದೆ ಎಂಬುದು ಬಹುಕಾಲದ ಆತಂಕ. ಒಂಬತ್ತು ಆಸ್ಪತ್ರೆಗಳಲ್ಲಿ ಪಾಳಿ ಒಪ್ಪಿಸುವ ಮಾತಿಗೆ ಒಂದು ಕ್ರಮ ಹಾಕಿಕೊಟ್ಟಾಗ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು ಎಂದು 2014ರ ಅಧ್ಯಯನ ಹೇಳುತ್ತದೆ. ಆಯಾಸಕ್ಕೂ ಮದ್ದು ಬೇಕು, ಅವಸರದ ಕೈಬದಲಿಗೂ ಮದ್ದು ಬೇಕು.

ಸರದಿಯನ್ನು ಸರಿಯಾಗಿ ಕಟ್ಟಿದರೆ ಏನು ಸಾಧ್ಯ ಎಂಬುದಕ್ಕೆ ಉದಾಹರಣೆ ಬೊಮ್ಮಸಂದ್ರದಲ್ಲೇ ಇದೆ. 2007ರ ನವೆಂಬರಿನಲ್ಲಿ ಅಲ್ಲಿನ ಸ್ಪರ್ಶ್ ಆಸ್ಪತ್ರೆಯಲ್ಲಿ, ಅಂಟಿಕೊಂಡ ಅವಳಿ ದೇಹದ ಭಾಗವಿದ್ದ ಬಿಹಾರದ ಪುಟ್ಟ ಹುಡುಗಿಗೆ ಡಾ. ಶರಣ್ ಪಾಟೀಲ್ ನೇತೃತ್ವದ ತಂಡ ಶಸ್ತ್ರಚಿಕಿತ್ಸೆ ಮಾಡಿತು. ಅದು ನಡೆದದ್ದು ಸುಮಾರು 27 ಗಂಟೆ. ತಂಡದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸರದಿಯ ಮೇಲೆ ದುಡಿದರು. ಅಷ್ಟು ಹೊತ್ತು ಒಬ್ಬರೇ ನಿಲ್ಲುವುದು ಸಾಧ್ಯವಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ವಾರ್ಡಿನ ಪಿ.ಜಿ.ಗೂ ಅದೇ ದೇಹ, ಅದೇ ಕಣ್ಣು.

ಸಂಕಟ, ಜೋಮು, ತಳಮಳ

ಸಾಮರ್ಥ್ಯದ ಪಟ್ಟಿಯಲ್ಲಿ ಹೆಚ್ಚಾಗಿ ಕೊನೆಗೆ ಬರುವುದು ಭಾಷೆ. ಅದು ಬರಬೇಕಾದದ್ದು ಮೊದಲಿಗೆ. 1975ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾಂಪ್ಟನ್ ಮತ್ತು ಸಂಗಡಿಗರು ಹೊಸದಾಗಿ ಬಂದ 80 ಹೊರರೋಗಿಗಳನ್ನು ಗಮನಿಸಿದರು. 66 ಮಂದಿಯ ಕಾಯಿಲೆಯನ್ನು ಅವರ ಮಾತು ಕೇಳಿಯೇ ಗುರುತಿಸಲು ಸಾಧ್ಯವಾಗಿತ್ತು. ದೇಹಪರೀಕ್ಷೆ, ರಕ್ತಪರೀಕ್ಷೆ ಉಳಿದ ಕೆಲವರಲ್ಲಿ ಮಾತ್ರ ರೋಗನಿರ್ಣಯವನ್ನು ಬದಲಿಸಿದವು.

ಈಗ ಬೆಂಗಳೂರಿನ ವಾರ್ಡನ್ನು ನೋಡೋಣ. 1984ರ ಪ್ರದೀಪ್ ಜೈನ್ ಪ್ರಕರಣದ ತೀರ್ಪಿನ ನಂತರ ಅಖಿಲ ಭಾರತ ಕೋಟಾ ಬಂತು. 2005ರಿಂದ ಸರ್ಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧದಷ್ಟು ಅದಕ್ಕೆ ಸೇರುತ್ತವೆ; ಡಿ.ಎನ್.ಬಿ. ಸೀಟುಗಳಿಗೂ ದೇಶದ ಎಲ್ಲೆಡೆಯಿಂದ ಅಭ್ಯರ್ಥಿಗಳು ಬರುತ್ತಾರೆ. ಹೀಗೆ ಬಂದವರ ಮುಂದೆ ಕೂರುವವಳು ಕನಕಪುರ ಕಡೆಯ ಗಾರ್ಮೆಂಟ್ಸ್ ಕೆಲಸದ ಹೆಂಗಸು. ಅವಳು 'ಎದೆ ಹೊಡ್ಕೊಳ್ತದೆ' ಎಂದರೆ ಎದೆಯ ಬಡಿತ ಏರಿದೆ ಎಂದರ್ಥ, ಯಾರೂ ಹೊಡೆದಿಲ್ಲ. 'ಸಂಕಟ' ಎಂದರೆ ಹೊಟ್ಟೆ ತೊಳಸುವುದೂ ಹೌದು, ಎದೆ ಹಿಂಡುವುದೂ ಹೌದು, ಮನಸ್ಸಿನ ನೋವೂ ಹೌದು. 'ಜೋಮು' ನರದ ಮಾತು, 'ಸುಸ್ತು' ರಕ್ತದ ಮಾತಾಗಿರಬಹುದು. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ನುಡಿ ಮತ್ತೆ ಬೇರೆ. ಬಿಹಾರ, ಒಡಿಶಾಗಳಿಂದ ಪೀಣ್ಯಕ್ಕೆ ಬಂದ ಕಾರ್ಮಿಕನ ಎದುರು ಕನ್ನಡಿಗ ವೈದ್ಯರದೂ ಇದೇ ಪಾಡು. ಆಗೆಲ್ಲ ದುಭಾಷಿಯಾಗಿ ನಿಲ್ಲುವವರು ವಾರ್ಡಿನ ಸಿಸ್ಟರ್ ಅಥವಾ ಆಯಾ. ಎಷ್ಟೋ ತಜ್ಞರ ಮೊದಲ ಕನ್ನಡ ಮೇಷ್ಟರು ಅವರೇ.

ಮಾತು ತಿಳಿಯದ ವೈದ್ಯರು ಹೆಚ್ಚು ಪರೀಕ್ಷೆ ಬರೆಯುವುದು ಸಹಜ. ಅದರ ಖರ್ಚು ರೋಗಿಯ ಜೇಬಿಗೋ ವಿಮೆಯ ಖಾತೆಗೋ ಹೋಗುತ್ತದೆ. ನೋವನ್ನು ಹೇಳಿಕೊಂಡೂ ಕೇಳಿಸದೆ ಹೋದ ಬೇಸರ ಮಾತ್ರ ರೋಗಿಯಲ್ಲೇ ಉಳಿಯುತ್ತದೆ.

ಕೋವಿಡ್ ಕಲಿಸಿದ್ದು

2020ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್ ಚಿಕಿತ್ಸೆಗೆ ಮೀಸಲಿಟ್ಟಾಗ ರೆಸಿಡೆನ್ಸಿಯ ಎಲ್ಲ ಲೆಕ್ಕಗಳೂ ತಲೆಕೆಳಗಾದವು. ಮೂಳೆ, ಕಣ್ಣು, ಚರ್ಮದ ವಿಭಾಗದವರೆಲ್ಲ ಆಮ್ಲಜನಕದ ಕೊಳವೆಗಳ ನಡುವೆ ನಿಂತರು. ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ನಿಂತುಹೋದವು. ಆ ವರ್ಷಗಳಲ್ಲಿ ಓದಿದ ಶಸ್ತ್ರವೈದ್ಯರಿಗೆ ಕತ್ತಿ ಹಿಡಿಯುವ ಅವಕಾಶ ಕಡಿಮೆಯಾಯಿತು. ಉಸಿರು ಕಟ್ಟಿದ ರೋಗಿಯ ಪಕ್ಕ ನಿಲ್ಲುವುದನ್ನೂ, ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದನ್ನೂ ಅವರು ಕಲಿತರು. ಅವು ಲಾಗ್ ಬುಕ್ಕಿನಲ್ಲಿ ಕಾಲಂ ಇಲ್ಲದ ಪಾಠಗಳು. ರೆಸಿಡೆಂಟರನ್ನು ವಿದ್ಯಾರ್ಥಿಗಳೆನ್ನಬೇಕೋ ನೌಕರರೆನ್ನಬೇಕೋ ಎಂಬ ಹಳೆಯ ಗೊಂದಲವೂ ಆಗ ಬಯಲಿಗೆ ಬಂತು. ಶುಲ್ಕ ಕಟ್ಟುವಾಗ ಅವರು ವಿದ್ಯಾರ್ಥಿಗಳು, ರಾತ್ರಿ ಆಸ್ಪತ್ರೆ ನಡೆಸುವಾಗ ನೌಕರರು.

ಪೀಣ್ಯದ ಆ ಕಾರ್ಮಿಕನಿಗೆ ಈ ಇತಿಹಾಸವೆಲ್ಲ ಬೇಡ. ಅವನಿಗೆ ಬೇಕಾದದ್ದು ಚುಚ್ಚುಮದ್ದಿಗೆ ಮೊದಲು ಬೆರಳ ತುದಿಯನ್ನು ಮುಟ್ಟಿ ನೋಡುವ ಒಂದು ಕೈ. ಆ ಕೈಗೆ ಅದನ್ನು ಹಿಂದೆ ಯಾರೋ ಪಕ್ಕದಲ್ಲಿ ನಿಂತು ಕಲಿಸಿರಬೇಕು. ಹಿಂದಿನ ರಾತ್ರಿ ಅದು ನಿದ್ದೆ ಮಾಡಿರಬೇಕು. 'ಜೋಮು ಹಿಡಿದಂಗೆ ಐತೆ' ಎಂಬ ಮಾತು ಅದಕ್ಕೆ ಅರ್ಥವಾಗಬೇಕು. ತಾನೊಬ್ಬನೇ ಸಾಲದು ಎನಿಸಿದಾಗ ನಡುರಾತ್ರಿ ಎರಡಕ್ಕೂ ಅಂಜದೆ ಹಿರಿಯರಿಗೆ ಫೋನ್ ಮಾಡುವಂತಿರಬೇಕು. ಆ ಕಡೆಯಿಂದ ಬೈಗುಳ ಬರದೆ, 'ಬಂದೆ' ಎಂಬ ಉತ್ತರ ಬರಬೇಕು. ಇಷ್ಟೂ ಕೂಡಿದ ರಾತ್ರಿ ಕಾರ್ಮಿಕನ ಬೆರಳು ಉಳಿಯುವ ಸಂಭವ ಹೆಚ್ಚು. ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ದಿನ ಅವನ ಮನೆಯವರು 'ಡಾಕ್ಟರ ಕೈಗುಣ ಚೆನ್ನಾಗಿದೆ' ಎಂದು ಹೇಳಿ ಹೋಗುತ್ತಾರೆ.